ಹಳೇ ಬೆಂಟ್ಲಿ ಸೋವಿ ಅಲ್ರಿ

'ಹೊಸಾದು ಆಗೂದಿಲ್ಲ, ಹಳೇದು ಸೋವಿ ಸಿಗತದ' ಅಂತ ದೊಡ್ಡ ಕಾರಿನ ಆಸೆ ಮಾಡೋವ್ರಿಗೆ ನನ್ನ ಮಾತು ಸೇರೂದಿಲ್ಲ. ಆದ್ರೂ ಹೇಳತೇನಿ: ಹಳೇದಾದಂಗ ಕಾರಿನ ರೇಟು ಇಳೀತದ, ರಿಪೇರಿ ರೇಟು ಇಳಿಯೂದಿಲ್ಲ.

ಬೆಂಟ್ಲಿ ಕಾಂಟಿನೆಂಟಲ್ ಜಿಟಿನ ನೋಡ್ರಿ. 2003ರಾಗ ಇಂಗ್ಲೆಂಡಿನ ಕ್ರೂ ಊರಿಂದ ಬಂದದ್ದು. 12 ಸಿಲಿಂಡರಿನ 6 ಲೀಟರ್ ಎಂಜಿನ್, ಎರಡು ಟರ್ಬೊ. ಎಲ್ಲಾ ಒತ್ತೊತ್ತಿ ತುಂಬ್ಯಾರ. ಟರ್ಬೊ ಬದಲಿಸಬೇಕಂದ್ರ ಎಂಜಿನ್ನೇ ಕೆಳಗ ಇಳಿಸಬೇಕು. ಸ್ಪ್ರಿಂಗಿನ ಜಾಗಾದಾಗ ಗಾಳಿ ತುಂಬಿದ ರಬ್ಬರ್ ಚೀಲ. ವರ್ಷ ಕಳೆದಂಗ ರಬ್ಬರ್ ಸೀಳತದ, ರಾತ್ರಿ ನಿಲ್ಲಿಸಿದ ಕಾರು ಮುಂಜಾನೆ ಒಂದ ಕಡೆ ಕುಸಿದು ಕುಂತಿರತದ. ಹಂಗ ಓಡಿಸಿದ್ರ ಸೋರೋ ಗಾಳಿ ತುಂಬಿ ತುಂಬಿ ಕಂಪ್ರೆಸರ್ರೂ ಸುಡತದ. ಒಂದರ ಖರ್ಚು ಉಳಿಸಾಕ ಹೋಗಿ ಎರಡರ ಖರ್ಚು!

'ನಾವು ಓಡಿಸೂದ ಇಲ್ಲ, ಹೊದಿಸಿ ಇಟ್ಟೇವಿ' ಅಂತಾರ. ನಿಂತಲ್ಲೇ ಬ್ಯಾಟರಿ ಇಳೀತದ, ಟೈರು ಗಟ್ಟಿ ಆಗತಾವ, ಬ್ರೇಕ್ ಎಣ್ಣಿ ಹಸಿ ಹೀರತದ. ಗ್ರ್ಯಾಂಡ್ ಟೂರರ್ ಅಂದ್ರ ದೂರ ಓಡಾಕ ಮಾಡಿದ ಗಾಡಿ, ಶೋಕೇಸಿನ ಗೊಂಬಿ ಅಲ್ಲ.

ಮನಿ ಲೆಕ್ಕಾ ಹಿಡಿಯೋ ಅಕ್ಕಂದಿರಾ, ಅಡ್ವಾನ್ಸ್ ಕೊಡೂಕಿಂತ ಮೊದಲು ಬಣ್ಣ ನೋಡಬ್ಯಾಡ್ರಿ, ಸರ್ವಿಸ್ ಕಾಗದ ಕೇಳ್ರಿ. ರಿಪೇರಿ ರೊಕ್ಕ ಬ್ಯಾರೆ ತೆಗೆದಿಡಾಕ ಆಗೂದಿಲ್ಲಂದ್ರ ಸಣ್ಣ ಹೊಸಾ ಕಾರೇ ಚಲೋ.