ತೂಕ ಒಂದೇ, ಎಣಿಕೆ ಬೇರೆ

ಅಂಚೆ ಕಛೇರಿಯ ಗುಮಾಸ್ತನ ಮುಂದೆ ಹತ್ತು ಕಿಲೋ ತೂಕದ ಒಂದು ಪಾರ್ಸೆಲನ್ನಿಡಿ. ಒಮ್ಮೆ ಮುದ್ರೆಯೊತ್ತಿ ಪಕ್ಕಕ್ಕೆ ಸರಿಸಿಬಿಡುವನು. ಅಷ್ಟೇ ತೂಕದ ಕಾರ್ಡುಗಳನ್ನು ಸುರಿಯಿರಿ. ಸಂಜೆಯವರೆಗೂ ಅವನಿಗೆ ತಲೆಯೆತ್ತಲು ಬಿಡುವಿಲ್ಲ. ತಕ್ಕಡಿಗೆ ಎರಡೂ ಸಮ. ಗುಮಾಸ್ತನ ಕೈಗೆ ಹಾಗಲ್ಲ.

ಕಂಪ್ಯೂಟರಿಗೆ ಜಾಲದ ತಂತಿಯನ್ನು ಜೋಡಿಸುವ ನೆಟ್‌ವರ್ಕ್ ಕಾರ್ಡಿನ ಕಥೆಯೂ ಇದೇ. ಪೆಟ್ಟಿಗೆಯ ಮೇಲೆ 'ಸೆಕೆಂಡಿಗೆ 10 ಗಿಗಾಬಿಟ್' ಎಂದು ಅಚ್ಚಾಗಿರುತ್ತದೆ. ಸುಳ್ಳಲ್ಲ, ಆದರೆ ಅದು ತಕ್ಕಡಿಯ ಮಾತು. ಜಾಲದಲ್ಲಿ ಮಾಹಿತಿಯು ಪ್ಯಾಕೆಟ್ಟುಗಳೆಂಬ ಪೊಟ್ಟಣಗಳಾಗಿ ಸಾಗುತ್ತದೆ. 1,518 ಬೈಟಿನ ದೊಡ್ಡ ಪೊಟ್ಟಣಗಳಾದರೆ ಸೆಕೆಂಡಿಗೆ ಸುಮಾರು 8.13 ಲಕ್ಷಕ್ಕೆ ತಂತಿ ತುಂಬುತ್ತದೆ. 64 ಬೈಟಿನ ಅತಿ ಚಿಕ್ಕವಾದರೆ 1 ಕೋಟಿ 48 ಲಕ್ಷ 80 ಸಾವಿರ ಬೇಕು! ಒಂದೊಂದರ ಪಾಲಿಗೆ 67.2 ನ್ಯಾನೋಸೆಕೆಂಡು. ಅಷ್ಟರಲ್ಲಿ ಬೆಳಕೇ ಇಪ್ಪತ್ತು ಮೀಟರ್ ದಾಟುವುದು ಕಷ್ಟ; ನಮ್ಮ ಹಿತ್ತಿಲಿನಿಂದ ಬೀದಿಬಾಗಿಲಿಗೆ ಎನ್ನಿ.

ಚಿಕ್ಕವುಗಳ ಲೆಕ್ಕ ನಮಗೇಕೆ ಎಂದು ವಾಚಕರು ಕೇಳಬಹುದು. ಚಲನಚಿತ್ರವೇನೋ ದೊಡ್ಡ ಪೊಟ್ಟಣಗಳಲ್ಲಿ ಬರುತ್ತದೆ. ಪರದೇಶದಲ್ಲಿರುವ ಮಗಳ ಮಾತು ಬರುವುದು ಚಿಕ್ಕವುಗಳಲ್ಲಿ. ಕೇಡಿಗರು ಬ್ಯಾಂಕೊಂದರ ಯಂತ್ರವನ್ನು ಉಸಿರುಗಟ್ಟಿಸಲು ಸುರಿಯುವುದೂ ಎಷ್ಟೋ ವೇಳೆ ಚಿಕ್ಕವನ್ನೇ. ಪೊಟ್ಟಣ ಬಂದಾಗಲೆಲ್ಲ ಕರೆಗಂಟೆ ಬಾರಿಸಿದರೆ, ಬಾಗಿಲಿಗೆ ಓಡುವುದರಲ್ಲೇ ಯಂತ್ರದ ಹೊತ್ತೆಲ್ಲ ಕಳೆದು, ಒಲೆಯ ಮೇಲಿನ ಅನ್ನ ಹಾಗೇ ಉಳಿಯುತ್ತದೆ. ಈ ಪಾಡನ್ನು 1996ರಲ್ಲಿ ವಿವರಿಸಿ, ಗಂಟೆಯನ್ನು ಕೆಲಕಾಲ ನಿಲ್ಲಿಸಿ ಯಂತ್ರವೇ ಸರದಿಯಂತೆ ಹೋಗಿ ನೋಡುವ ಉಪಾಯವನ್ನು ಪ್ರಯೋಗಿಸಿ ತೋರಿಸಿದ ಇಬ್ಬರಲ್ಲಿ ಒಬ್ಬರಾದ ಕೆ. ಕೆ. ರಾಮಕೃಷ್ಣನ್ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು. ಇನ್ನೊಬ್ಬರು ಜೆಫ್ರಿ ಮೊಗುಲ್.

ಪರೀಕ್ಷಿಸುವ ಬಗೆ ಸರಳ. ಎರಡು ಯಂತ್ರಗಳಿಗೆ ಒಂದೇ ತಂತಿ. ಒಂದು ಕಳುಹಿಸಬೇಕು, ಇನ್ನೊಂದು ಎಣಿಸಬೇಕು. ಆದರೆ ಎಲ್ಲರೂ ಬಳಸುವ 'ಐಪರ್ಫ್' ಎಂಬ ಸಾಧನವು ಸಾಮಾನ್ಯವಾಗಿ ತೂಕವನ್ನೇ ಹೇಳುತ್ತದೆ. ದೊಡ್ಡ ಮೂಟೆಯನ್ನು ಕಾರ್ಡೇ ಕತ್ತರಿಸಿ ಕಳುಹಿಸುವ ಅನುಕೂಲವಿದ್ದರಂತೂ ಫಲಿತಾಂಶ ಬಲು ಚೆಂದ!

ಎಣಿಕೆಯ ಹಿಂದೆ ಬಿದ್ದವರು ಇಟಲಿಯ ಪೀಸಾ ವಿಶ್ವವಿದ್ಯಾನಿಲಯದ ಲುಯಿಜಿ ರಿಟ್ಸೊ. (ಗೆಲಿಲಿಯೋ ವಾಲುಗೋಪುರದಿಂದ ಗುಂಡುಗಳನ್ನು ಬೀಳಿಸಿದನೆಂಬ ಕಥೆಯ ಊರು; ಕಥೆ ನಿಜವೋ ಅಲ್ಲವೋ, ಊರಿಗೆ ಪರೀಕ್ಷೆಯ ಗೀಳಂತೂ ಉಂಟು.) ಫ್ರೀಬಿಎಸ್‌ಡಿ ಎಂಬ ಕಾರ್ಯಾಚರಣ ವ್ಯವಸ್ಥೆಯ ಮೂಲಲಿಪಿ ಯಾರಿಗೂ ಮುಚ್ಚಿದ್ದಲ್ಲ. ಆದ್ದರಿಂದ ಅವರು ಪೊಟ್ಟಣವೊಂದು ಹೊರಬೀಳುವ ದಾರಿಯ ಹೆಜ್ಜೆಹೆಜ್ಜೆಗೂ ಕಾಲವನ್ನು ಅಳೆದರು. ಒಟ್ಟು ಸುಮಾರು 950 ನ್ಯಾನೋಸೆಕೆಂಡು! ತಂತಿಯಲ್ಲಿ ಹದಿನಾಲ್ಕಕ್ಕೆ ಎಡೆಯಿರುವ ಕಾಲದಲ್ಲಿ ಒಂದು ಹೊರಡುತ್ತಿತ್ತು. ಕಳ್ಳನೊಬ್ಬನೇ ಅಲ್ಲ, ಸ್ಮೃತಿಯಲ್ಲಿ ಜಾಗ ಹುಡುಕುವುದು, ನಕಲು ಮಾಡುವುದು, ಪದರದಿಂದ ಪದರಕ್ಕೆ ದಾಟಿಸುವುದು, ಎಲ್ಲವೂ ಅಷ್ಟಷ್ಟು ಕದ್ದಿದ್ದವು.

2012ರಲ್ಲಿ ಅವರು ಪ್ರಕಟಿಸಿದ 'ನೆಟ್‌ಮ್ಯಾಪ್' ಜಾಗವನ್ನು ಮೊದಲೇ ಕಾದಿರಿಸಿ, ನಕಲನ್ನು ತಪ್ಪಿಸಿ, ಒಂದೇ ಕರೆಗೆ ಪೊಟ್ಟಣಗಳ ಕಂತೆಯನ್ನೇ ಒಪ್ಪಿಸಿತು. ವೇಗವನ್ನು ಬೇಕೆಂದೇ 900 ಮೆಗಾಹರ್ಟ್ಸಿಗೆ ಇಳಿಸಿದ ಪ್ರೊಸೆಸರಿನ ಒಂದೇ ತಿರುಳು 1 ಕೋಟಿ 48 ಲಕ್ಷ 80 ಸಾವಿರವನ್ನೂ ಕಳುಹಿಸಿತು. ಅದು ಫ್ರೀಬಿಎಸ್‌ಡಿಯಲ್ಲೇ ಸೇರಿಕೊಂಡಿತು.

ಇದು ಪುಕ್ಕಟೆಯಾಗಿ ಬಂದುದಲ್ಲ. ನೆಟ್‌ಮ್ಯಾಪಿಗೆ ಒಪ್ಪಿಸಿದ ಕಾರ್ಡು ವ್ಯವಸ್ಥೆಯ ಮಾಮೂಲು ದಾರಿಯಿಂದ ಕಳಚಿಕೊಳ್ಳುತ್ತದೆ. ಅದಕ್ಕೆಂದೇ ಬರೆದ ಕಾರ್ಯಕ್ರಮಗಳಿಗೆ ಮಾತ್ರ ಈ ಓಟ. ಉಳಿದವುಗಳಿಗೆ ಆ ಹಳೆಯ ಪದರಗಳ ದಾರಿಯೇ ಗತಿ.