ಸಹಿಗೆ ಮೊದಲು ಒಂದು ಮಳೆಗಾಲ

ನಮ್ಮಲ್ಲಿ ಆರ್ಕಿಟೆಕ್ಟ್ ಆಗಲು ಪರವಾನಗಿ ಪರೀಕ್ಷೆ ಎಂಬುದಿಲ್ಲ. ಹತ್ತು ಸೆಮಿಸ್ಟರಿನ ಬಿ.ಆರ್ಕ್ ಮುಗಿಸಿ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ಗೆ ಅರ್ಜಿ ಹಾಕಿದರೆ ನೋಂದಣಿಯಾಗುತ್ತದೆ. ಕೋರ್ಸಿನೊಳಗೇ ಮಾಡುವ ತರಬೇತಿಯನ್ನು ಬಿಟ್ಟರೆ ಬೇರೆ ಅನುಭವ ಕೇಳುವವರಿಲ್ಲ. ಅಮೆರಿಕದಲ್ಲಾದರೆ ಸಾಮಾನ್ಯವಾಗಿ 3,740 ಗಂಟೆಗಳ ಕೆಲಸ ದಾಖಲಿಸಬೇಕು, ಆರು ಭಾಗಗಳ ಪರೀಕ್ಷೆಯನ್ನೂ ದಾಟಬೇಕು. ನಮಗೂ ಅಂಥದ್ದು ಬೇಕೆ? ಅನುಭವ ಬೇಕು, ಪರೀಕ್ಷೆ ಬೇಡ ಎನ್ನುವವನು ನಾನು.

ಶಿವಮೊಗ್ಗದ ಸೋಗಾನೆಯಲ್ಲಿ 2023ರ ಫೆಬ್ರುವರಿ 27ರಂದು ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಟರ್ಮಿನಲ್ಲಿಗೆ ಕಮಲದ ಆಕಾರ ಕೊಟ್ಟದ್ದು ರಾಜಕೀಯದ ಜಗಳಕ್ಕೆ ವಸ್ತುವಾಯಿತು. ಕಟ್ಟಡ ಕಲಿಯುವವರಿಗೆ ಅಲ್ಲಿ ಬೇರೆಯದೇ ಪ್ರಶ್ನೆಯಿದೆ: ಎಸಳುಗಳ ನಡುವೆ ಬಿದ್ದ ಮಳೆನೀರು ಯಾವ ದಾರಿಯಲ್ಲಿ ಇಳಿಯಬೇಕು? ಇದೇ ಪ್ರಶ್ನೆಯನ್ನು ಅದೇ ಊರಿನ ಮೂವತ್ತು–ನಲವತ್ತರ ಸೈಟಿನ ಮನೆಯೂ ಕೇಳುತ್ತದೆ. ಕಿಟಕಿಯ ಸಜ್ಜದ ಅಡಿಯಲ್ಲಿ, ಅಂಚಿನಿಂದ ಸ್ವಲ್ಪ ಒಳಗೆ, ಬೆರಳಗಲದ ಒಂದು ಗೀರು ಬಿಡಬೇಕು. ಬಿಡದಿದ್ದರೆ ಅಂಚಿಗೆ ಬಂದ ನೀರು ತೊಟ್ಟಿಕ್ಕದೆ ಅಡಿಯಲ್ಲೇ ಹರಿದು ಗೋಡೆ ಸೇರುತ್ತದೆ; ಎರಡನೇ ಮಳೆಗಾಲಕ್ಕೆ ಕಿಟಕಿಯ ಮೇಲೆ ಪಾಚಿ. ನಕ್ಷೆಯಲ್ಲಿ ಈ ಗೀರು ಒಂದು ಚುಕ್ಕೆಯಷ್ಟೆ.

ಕಬ್ಬಿಣಕ್ಕೂ ಅಚ್ಚಿನ ಹಲಗೆಗೂ ನಡುವೆ ಅಂತರ ಕಾಯುವ ಕವರ್ ಬ್ಲಾಕಿನ ಕಥೆಯೂ ಇದೇ. ಸಾಮಾನ್ಯ ಮನೆಯ ಸ್ಲ್ಯಾಬಿಗೆ 20 ಮಿ.ಮೀ., ಕಂಬಕ್ಕೆ 40 ಮಿ.ಮೀ. ಎಂದು ಓದಿದವರೆಲ್ಲ ಬರೆಯಬಲ್ಲರು. ಆದರೆ ಕಾಂಕ್ರೀಟ್ ಹಾಕುವ ದಿನ ಮಿಕ್ಸರ್ ಶುರುವಾದ ಮೇಲೆ, ಕಬ್ಬಿಣ ತುಳಿದು ಓಡಾಡುವವರ ಕಾಲಿಗೆ ಸಿಕ್ಕಿ ಆ ಬ್ಲಾಕುಗಳು ಜಾರುತ್ತವೆ. “ಜಲ್ಲಿ ಚೂರು ಇಟ್ರೆ ಸಾಕು ಮೇಡಂ, ಇಷ್ಟು ವರ್ಷ ಹಂಗೇ ಮಾಡಿದೀವಿ” ಎನ್ನುವ ಮೇಸ್ತ್ರಿಗೆ ಮರ್ಯಾದೆಯಿಂದಲೇ ಆಗುವುದಿಲ್ಲ ಎಂದು ಹೇಳಿ, ಕೆಲಸ ನಿಲ್ಲಿಸಿ, ಮತ್ತೆ ಇಡಿಸುವುದನ್ನು ಯಾವ ಪ್ರಶ್ನೆಪತ್ರಿಕೆ ಅಳೆದೀತು? ಪರೀಕ್ಷೆ ಬಂದರೆ ಕೋಚಿಂಗ್ ಸೆಂಟರ್ ಬರುತ್ತದೆ, ಗೈಡ್ ಬರುತ್ತದೆ. ಸೈಟು ಮಾತ್ರ ಇದ್ದಲ್ಲೇ ಇರುತ್ತದೆ.

ಅನುಭವಕ್ಕೂ ಕಾನೂನಿನ ಒತ್ತಾಯ ಯಾಕೆ, ಕೆಲಸ ಮಾಡುತ್ತ ಕಲಿಯುವುದಿಲ್ಲವೆ ಎಂದು ಕೇಳಬಹುದು. 1972ರ ಆರ್ಕಿಟೆಕ್ಟ್ಸ್ ಕಾಯ್ದೆ ಕಾಯುವುದು ಹೆಸರನ್ನು, ಕೆಲಸವನ್ನಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಮಾರ್ಚಿನಲ್ಲಿ ಹೇಳಿತು. ಅಂದರೆ ಮನೆ ವಿನ್ಯಾಸವನ್ನು ಇತರರೂ ಮಾಡಬಹುದು. ಆರ್ಕಿಟೆಕ್ಟ್ ಎಂದು ಬೋರ್ಡು ಹಾಕುವಂತಿಲ್ಲ. ಹಾಗಿದ್ದಮೇಲೆ ನಿವೃತ್ತಿಯ ದುಡ್ಡು ಸುರಿದು ಮನೆ ಕಟ್ಟಿಸುವವರು ಆ ಬೋರ್ಡು ನೋಡಿ ಹೆಚ್ಚಿನ ಫೀಸು ಕೊಡಬೇಕಾದರೆ, ಹೆಸರಿನ ಹಿಂದೆ ಕನಿಷ್ಠ ಒಂದು ಪೂರ್ತಿ ಮಳೆಗಾಲದ ಸೈಟು ಇರಬೇಡವೆ?

ತೊಡಕಿಲ್ಲವೆಂದಲ್ಲ. ಅನುಭವ ಕಡ್ಡಾಯವಾದರೆ ಬೆಂಗಳೂರಿನ ದೊಡ್ಡ ಆಫೀಸುಗಳಿಗೆ ಅಗ್ಗದ ಆಳು ಸಿಕ್ಕಂತಾಗುತ್ತದೆ; ಪಿ.ಜಿ. ಬಾಡಿಗೆಗೂ ಸಾಲದ ಸ್ಟೈಪೆಂಡಿನಲ್ಲಿ ಭದ್ರಾವತಿಯ ಕಾರ್ಮಿಕನ ಮಗಳು ಎಷ್ಟು ದಿನ ತಡೆದಾಳು? ಆದ್ದರಿಂದ ನಿಯಮದಲ್ಲಿ ಸಂಬಳದ ಕನಿಷ್ಠ ಮಿತಿಯೂ ಇರಲಿ. ಊರಿನ ಸಣ್ಣ ಕಚೇರಿಯ ಕೆಲಸವೂ ಲೆಕ್ಕಕ್ಕೆ ಬರಲಿ. ಆರ್ಕಿಟೆಕ್ಟ್ ಸಿಗದ ಕಡೆ ಸ್ಟ್ರಕ್ಚರಲ್ ಎಂಜಿನಿಯರ್ ಆಕೆಯ ದಿನಚರಿಗೆ ಸಹಿ ಹಾಕಲಿ. ಕಬ್ಬಿಣ ಕಟ್ಟಿದ್ದನ್ನು ನೋಡಿ ಒಪ್ಪುವವರು ಹೇಗೂ ಅವರೇ ತಾನೆ.