ಒಡೆದ ದನಿಗೆ ಸಿರಪ್ಪು: ಈ ಕಾಲಹರಣ ನಿಲ್ಲಲಿ

ಬೇಲೂರಿನ ಚೆನ್ನಕೇಶವನ ಅಂಗಳದಲ್ಲಿ, ಹಳೇಬೀಡಿನ ಜಗತಿಯ ಮೇಲೆ ದಿನವಿಡೀ ಶಿಲ್ಪದ ಕಥೆ ಹೇಳುವ ಗೈಡ್‌ಗೆ ದನಿಯೇ ಅನ್ನ. ಅರಸೀಕೆರೆ ಜಂಕ್ಷನ್ನಿನಲ್ಲಿ ಟೀ-ಕಾಫಿ ಕೂಗುವವರಿಗೂ, ಕೊಬ್ಬರಿ ಮಂಡಿಯ ದೂಳಿನಲ್ಲಿ ಗಂಟಲು ಹರಿದುಕೊಳ್ಳುವವರಿಗೂ ಅಷ್ಟೇ. ಇಂಥವರ ದನಿ ಒಡೆದು ವಾರಗಳಾದರೂ ನಡೆಯುವುದು ಒಂದೇ: ಔಷಧಿ ಅಂಗಡಿಯ ಸಿರಪ್ಪು, ಮನೆಯ ಶುಂಠಿ ಕಷಾಯ, ಮತ್ತೊಂದು ಸಿರಪ್ಪು. ಬೀಡಿ ಮಾತ್ರ ನಿಲ್ಲುವುದಿಲ್ಲ. ಗಂಟಲೊಳಗೆ ಒಮ್ಮೆಯೂ ನೋಡದೆ ತಿಂಗಳುಗಟ್ಟಲೆ ಹೀಗೆ ಸಾಗಹಾಕುವುದು ಅಕ್ಷಮ್ಯ.

ಗಂಡಸರು ಮಾತಾಡುವಾಗ ಧ್ವನಿತಂತುಗಳು ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ಕಂಪಿಸುತ್ತವೆ. ಅವುಗಳ ಅಂಚಿನಲ್ಲಿ ಅಕ್ಕಿಕಾಳಿಗಿಂತ ಚಿಕ್ಕದೊಂದು ಬಿಳಿ ಪೊರೆ ಎದ್ದರೂ ದನಿ ಗೊಗ್ಗರಾಗುತ್ತದೆ. ದೇಹ ಇಷ್ಟು ಬೇಗ ಸುಳಿವು ಕೊಡುವ ಜಾಗಗಳು ಕಡಿಮೆ. ಆ ಪೊರೆ ಇನ್ನೂ ಕ್ಯಾನ್ಸರ್ ಆಗಿರಬೇಕಿಲ್ಲ, ಅದರ ಹೊಸ್ತಿಲಾಗಿರಬಹುದು. ಹಲವು ಅಧ್ಯಯನಗಳನ್ನು ಕೂಡಿಸಿ 2010ರಲ್ಲಿ ಹಾಕಿದ ಲೆಕ್ಕದಂತೆ, ಕೋಶಗಳ ಕೆಡುಕು ತೀವ್ರವಾಗಿಲ್ಲದಾಗ ಸುಮಾರು 10ರಲ್ಲಿ 1, ತೀವ್ರವಾಗಿದ್ದಾಗ 10ರಲ್ಲಿ 3 ಪ್ರಕರಣಗಳು ಮುಂದೆ ಕ್ಯಾನ್ಸರಿಗೆ ತಿರುಗುತ್ತವೆ. ಅದಕ್ಕೆ ವರ್ಷಗಳೇ ಹಿಡಿಯುತ್ತವೆ. ನಾವು ಪೋಲು ಮಾಡುತ್ತಿರುವುದು ಆ ವರ್ಷಗಳನ್ನು.

ಎಲ್ಲರಿಗೂ ಕತ್ತರಿ ಬೇಕಿಲ್ಲ. ಬೀಡಿ, ಮದ್ಯ ಬಿಟ್ಟು, ಹುಳಿತೇಗಿಗೆ ಮಾತ್ರೆ ನುಂಗಿ, ದನಿಗೆ ವಿಶ್ರಾಂತಿ ಕೊಟ್ಟಾಗ ಪೊರೆ ಕರಗಿದ್ದುಂಟು. ಗಂಟಲನ್ನಷ್ಟೇ ಮರಗಟ್ಟಿಸಿ, ಕುರ್ಚಿಯಲ್ಲಿ ಕೂರಿಸಿಯೇ ಲೇಸರ್ ಹಾಯಿಸುವ ವಿಧಾನವೂ ಬಂದಿದೆ. ವಿಟಮಿನ್ ಎ ಬಳಗದ ಮಾತ್ರೆಗಳನ್ನೂ ಪರೀಕ್ಷಿಸಿ ನೋಡಿದ್ದಾರೆ, ನೆಚ್ಚಿಕೊಳ್ಳುವಂಥ ಮದ್ದಾಗಿಲ್ಲ. ಹೀಗಿರುವಾಗ 'ಆಪರೇಷನ್ ಇಲ್ಲದೆ ಗುಣ' ಎಂದು ಪುಡಿ ಮಾರುವವರು ರೋಗಿಯ ಆಯುಸ್ಸನ್ನೇ ಮಾರುತ್ತಿದ್ದಾರೆ. ಕ್ಯಾಮೆರಾದಲ್ಲಿ ನೋಡಿ, ಸಂಶಯವಿದ್ದಲ್ಲಿ ಚೂರು ತೆಗೆದು ಪರೀಕ್ಷಿಸಿ, ಕೆಲವು ತಿಂಗಳಿಗೊಮ್ಮೆ ಮತ್ತೆ ನೋಡುತ್ತಿದ್ದರೆ ಮಾತ್ರ ಕಾಯುವುದಕ್ಕೆ ಅರ್ಥ.

ತಂಬಾಕು ನಮಗೆ ದೂರದ್ದಲ್ಲ: ಇದೇ ಹಾಸನ ಜಿಲ್ಲೆಯ ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಇದೆ. ರಾಜ್ಯ ಸರ್ಕಾರ 2025ರಲ್ಲಿ ತಂಬಾಕು ಕೊಳ್ಳುವ ವಯಸ್ಸನ್ನು 18ರಿಂದ 21ಕ್ಕೆ ಏರಿಸಿ, ಸಾರ್ವಜನಿಕವಾಗಿ ಸೇದಿದರೆ 1000 ರೂಪಾಯಿ ದಂಡವೆಂದಿತು. ಸರಿಯಾದ ಹೆಜ್ಜೆಯೇ. ಆದರೆ ಮೂವತ್ತು ವರ್ಷದ ಚಟವನ್ನು ದಂಡದ ರಸೀದಿ ಬಿಡಿಸದು. ತಾಲ್ಲೂಕು ಆಸ್ಪತ್ರೆಗೆ ಬಂದ ಒಡೆದ ದನಿಯವರನ್ನು ಅದೇ ವಾರ ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಕಳುಹಿಸಬೇಕು. ಹೋದರೇ, ಬೀಡಿ ಬಿಟ್ಟರೇ ಎಂದು ಫೋನಿನಲ್ಲಿ ವಿಚಾರಿಸಲು ಒಬ್ಬರು ಬೇಕು. ಇದಕ್ಕೆ ಹೊಸ ಕಟ್ಟಡ ಬೇಡ, ಶಂಕುಸ್ಥಾಪನೆ ಬೇಡ. ಜಿಲ್ಲಾಡಳಿತ ಮನಸ್ಸು ಮಾಡಿದರೆ ಈ ತಿಂಗಳೇ ಆಗುವ ಕೆಲಸ.

ಮೂರು ವಾರವಾದರೂ ದನಿ ಸರಿಹೋಗದಿದ್ದರೆ ಗಂಟಲು ತಜ್ಞರ ಬಳಿ ಹೋಗಿ. ತಂಬಾಕು ಬಿಡಲು ನೆರವು ಬೇಕಿದ್ದರೆ 1800-11-2356ಕ್ಕೆ ಕರೆ ಮಾಡಿ. ಕರೆ ಉಚಿತ.